ಹಡಗಿಲ್ಲದ ಧಕ್ಕೆಗಳ ಬೀದಿ

ಇಂಗ್ಲೆಂಡಿನ ಯಾವ ಊರಿಗೆ ಹೋದರೂ ಒಂದು ಹೈಸ್ಟ್ರೀಟ್ ಇದ್ದೇ ಇರುತ್ತದೆ. ಬ್ಯಾಂಕು, ಔಷಧಿ ಅಂಗಡಿ, ಬೇಕರಿ, ಕ್ಷೌರದಂಗಡಿ, ಪೋಸ್ಟಾಫೀಸು ಎಲ್ಲ ಅಲ್ಲೇ. ಪೂರ್ವ ಲಂಡನ್ನಿನ ವಾಪಿಂಗ್ ಹೈಸ್ಟ್ರೀಟ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಟವರ್ ಬ್ರಿಜ್‌ನಿಂದ ಥೇಮ್ಸ್ ನದಿಯ ಉತ್ತರ ದಂಡೆ ಹಿಡಿದು ಪೂರ್ವಕ್ಕೆ ನಡೆದರೆ ಈ ಕಲ್ಲುಹಾಸಿನ ಬೀದಿ ಸಿಗುತ್ತದೆ. ಬದಿಗೆ ಎತ್ತರದ ಇಟ್ಟಿಗೆ ಕಟ್ಟಡಗಳು, ನಡುವೆ ಬಿಸಿಲು ಬೀಳದ ಓಣಿ. ಕಾಫಿ ಅಂಗಡಿ, ಮನೆ ಮಾರಿಸುವ ಏಜೆಂಟರ ಕಚೇರಿ ಅಂಥವು ಬಿಟ್ಟರೆ ಪೇಟೆ ಅನ್ನುವಂಥದ್ದು ಅಲ್ಲಿ ಇಲ್ಲ. ಭಾನುವಾರ ಬೆಳಿಗ್ಗೆ ಹೋದರೆ ನಾಯಿ ತಿರುಗಾಡಿಸುವವರು, ಕಿವಿಗೆ ಏನೋ ಸಿಕ್ಕಿಸಿಕೊಂಡು ಜಾಗಿಂಗ್ ಮಾಡುವವರು, ಅಷ್ಟೇ ಜನ.

ಆದರೆ ಗೋಡೆ ಓದುತ್ತ ಹೋಗಿ. ಆಲಿವರ್ಸ್ ವಾರ್ಫ್, ಸೇಂಟ್ ಜಾನ್ಸ್ ವಾರ್ಫ್, ಗನ್ ವಾರ್ಫ್, ಕಿಂಗ್ ಹೆನ್ರೀಸ್ ವಾರ್ಫ್, ಅಬರ್ಡೀನ್ ವಾರ್ಫ್, ಫೀನಿಕ್ಸ್ ವಾರ್ಫ್. ಬೀದಿ ಮುಗಿದ ಮೇಲೂ ನ್ಯೂ ಕ್ರೇನ್, ಮೆಟ್ರೊಪಾಲಿಟನ್, ಪೆಲಿಕನ್ ಅಂತ ಮುಂದುವರಿಯುತ್ತದೆ. ಎಲ್ಲವೂ ಧಕ್ಕೆಗಳೇ, ಒಂದರಲ್ಲೂ ಹಡಗಿಲ್ಲ. ಒಳಗೆ ಈಗ ಫ್ಲ್ಯಾಟುಗಳು, ಲಿಫ್ಟು, ಕೆಲವಕ್ಕೆ ಬಾಗಿಲಲ್ಲಿ ಒಬ್ಬ ಕಾವಲುಗಾರ, ಬೆಲೆ ಕೇಳಿದರೆ ನಮ್ಮಂಥವರು ಹಿಂದೆ ಸರಿಯಬೇಕು. ನಾನು ಕಾರವಾರದ ಕಡೆಯವನು. ಧಕ್ಕೆ ಅಂದರೆ ನನಗೆ ಮೀನು, ಡೀಸೆಲ್, ಒದ್ದೆ ಹಗ್ಗ, ಜೊತೆಗೆ ಒಂದಿಷ್ಟು ಬೈಗುಳ. ಇಷ್ಟು ಮೌನವಾದ, ಇಷ್ಟು ತುಟ್ಟಿಯಾದ ಧಕ್ಕೆಗಳನ್ನು ಮೊದಲು ಕಂಡಾಗ ಸಿಟ್ಟೇ ಬಂದಿತ್ತು. ಆಮೇಲೆ ಈ ಬೀದಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು. ಓದಿದಷ್ಟೂ ಸಿಟ್ಟು ಬೇರೆ ಬೇರೆ ದಿಕ್ಕಿಗೆ ಹೋಯಿತು ಅನ್ನಬೇಕು.

1598ರಲ್ಲಿ ಲಂಡನ್ನನ್ನು ಬೀದಿ ಬೀದಿ ತಿರುಗಿ ವರ್ಣಿಸಿದ ಜಾನ್ ಸ್ಟೋ ಎಂಬಾತನಿಗೆ ಈ ಜಾಗ ಸ್ವಲ್ಪವೂ ಹಿಡಿಸಿರಲಿಲ್ಲ. ಕೊಳಕು, ಇಕ್ಕಟ್ಟು, ಎರಡೂ ಕಡೆ ಸಣ್ಣ ಸಣ್ಣ ಮನೆಗಳ ಸಂದಿ, ಅಲ್ಲಿರುವವರೆಲ್ಲ ನಾವಿಕರಿಗೆ ಊಟ ತಿಂಡಿ ಒದಗಿಸುವವರು ಎಂಬ ಅರ್ಥದಲ್ಲಿ ಬರೆದ. ಇದು ಬೈಗುಳವಾದರೂ ಬೀದಿಯ ಕಸುಬನ್ನು ಸರಿಯಾಗಿಯೇ ಹೇಳುತ್ತದೆ. ಆಗ ಲಂಡನ್ನಿನಲ್ಲಿ ಸುತ್ತ ಗೋಡೆ ಕಟ್ಟಿ ಒಳಗೆ ಹಡಗು ನಿಲ್ಲಿಸುವ ಡಾಕ್‌ಗಳಿರಲಿಲ್ಲ. ಹಡಗುಗಳು ನಡುನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕು ಚಪ್ಪಟೆ ದೋಣಿಗಳಲ್ಲಿ ದಂಡೆಗೆ ಬರಬೇಕಿತ್ತು. ಹೀಗೆ ತಿಂಗಳುಗಟ್ಟಲೆ ಕಾಯುವ ಹಡಗಿಗೆ ಬೇಕಾದದ್ದನ್ನೆಲ್ಲ ಈ ಬೀದಿ ಮಾರುತ್ತಿತ್ತು: ಹಾಯಿಬಟ್ಟೆ, ಹಗ್ಗ, ರಾಟೆ, ಪಟಗಂಬ, ಲಂಗರು, ದಿಕ್ಸೂಚಿ, ಕಲ್ಲಿನಷ್ಟು ಗಟ್ಟಿಯಾದ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ. ನಾವಿಕನಿಗೆ ಸಿದ್ಧ ಉಡುಪಿನ ಅಂಗಡಿ ಇತ್ತು. ಆ ಉಡುಪನ್ನೇ ಒತ್ತೆಯಿಟ್ಟು ದುಡ್ಡು ತರಲು ಗಿರವಿ ಅಂಗಡಿ ಇತ್ತು. ಹಳೆ ಹಗ್ಗ, ಹಳೆ ಕಬ್ಬಿಣ ಕೊಳ್ಳುವ ಗುಜರಿಯವರಿದ್ದರು. ಹಡಗಿನಿಂದ ಕದ್ದದ್ದೂ ಅವರಲ್ಲಿಗೇ ಹೋಗುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ.

ಇವೆಲ್ಲದರ ನಡುವೆ ಪಬ್ಬುಗಳು, ಡಜನ್‌ಗಟ್ಟಲೆ. ಬೀದಿಗೆ ಒಂದು ಬಾಗಿಲು, ನದಿಗೆ ಇನ್ನೊಂದು. ಕಳೆದುಹೋದ ಪಬ್ಬುಗಳ ಬಗ್ಗೆ ಇಂಗ್ಲಿಷರು ಬರೆಯುವಾಗ ಗಂಟಲು ಕಟ್ಟುತ್ತದೆ. ಬೆಚ್ಚನೆಯ ದೀಪ, ಹಾಡು, ಸ್ನೇಹ, ಮರದ ಬೆಂಚು. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ. ವಾಪಿಂಗಿನ ಪಬ್ಬು ಕುಡಿಯುವ ಜಾಗ ಆಗಿದ್ದಕ್ಕಿಂತ ಹೆಚ್ಚಾಗಿ ಕೂಲಿ ಹಂಚುವ ಕಚೇರಿಯಾಗಿತ್ತು. ಅದನ್ನು ತಿಳಿಯಲು ಕಲ್ಲಿದ್ದಲಿನ ದಾರಿ ಹಿಡಿಯಬೇಕು.

ಲಂಡನ್ನಿನ ಒಲೆಗಳೆಲ್ಲ ಉರಿಯುತ್ತಿದ್ದದ್ದು ನ್ಯೂಕಾಸಲ್ ಕಡೆಯಿಂದ ಸಮುದ್ರದ ಮೇಲೆ ಬರುವ ಕಲ್ಲಿದ್ದಲಿನಿಂದ. ಹಡಗಿನ ಹೊಟ್ಟೆಯಿಂದ ಅದನ್ನು ಮೇಲೆತ್ತಲು ಒಂಬತ್ತು ಜನರ ತಂಡ. ನಾಲ್ವರು ಕೆಳಗೆ ಬುಟ್ಟಿ ತುಂಬುತ್ತಾರೆ. ನಾಲ್ವರು ಮೇಲೆ ಏಣಿಯಂಥದ್ದನ್ನು ಹತ್ತಿ, ಹಗ್ಗ ಹಿಡಿದು ಒಟ್ಟಿಗೇ ಕೆಳಕ್ಕೆ ಜಿಗಿಯುತ್ತಾರೆ. ಅವರ ಮೈಭಾರಕ್ಕೆ ಬುಟ್ಟಿ ಮೇಲೆ ಹಾರಿ ಬರುತ್ತದೆ. ಒಂಬತ್ತನೆಯವನು ಅದನ್ನು ಹಿಡಿದು ಸುರಿಯುತ್ತಾನೆ. ಮತ್ತೆ ಹತ್ತು, ಮತ್ತೆ ಜಿಗಿ. ದಿನವಿಡೀ ಇದೇ. ಈ ತಂಡವನ್ನು ಹಡಗಿನ ಕಪ್ತಾನ ನೇರವಾಗಿ ಕರೆಯುತ್ತಿರಲಿಲ್ಲ. ಪಬ್ಬಿನ ಮಾಲೀಕ ಒದಗಿಸುತ್ತಿದ್ದ. ಯಾರನ್ನು ಕಳಿಸಬೇಕು ಅನ್ನುವುದು ಅವನ ಮರ್ಜಿ, ಮತ್ತು ಅವನ ಮರ್ಜಿ ಯಾರು ಹೆಚ್ಚು ಕುಡಿಯುತ್ತಾರೆ ಅನ್ನುವುದರ ಮೇಲೆ. ಕುಡಿಯದವನಿಗೆ ಕೆಲಸವಿಲ್ಲ. ಹಡಗಿಗೆ ಹೋಗುವಾಗ ಬಿಯರನ್ನೂ ಅವನಲ್ಲೇ ಕೊಂಡು ಒಯ್ಯಬೇಕು, ಅದು ನೀರು ಬೆರೆಸಿದ್ದಾದರೂ ಸರಿ. ವಾರದ ಕೊನೆಗೆ ಕೂಲಿ ಬಟವಾಡೆಯೂ ಪಬ್ಬಿನಲ್ಲೇ, ತಡರಾತ್ರಿಯ ತನಕ ಕೂರಿಸಿ. ಸಾಲದ ಪುಸ್ತಕ ನೋಡಿ ಮುರಿದುಕೊಂಡು ಉಳಿದದ್ದು ಕೈಗೆ. ಹೆಂಡತಿ ಮಕ್ಕಳು ಹೊರಗೆ ಬಾಗಿಲಲ್ಲಿ ಕಾಯುತ್ತಿದ್ದರು.

ಇದರ ವಿರುದ್ಧ ಜನ ಸುಮ್ಮನಿರಲಿಲ್ಲ. 1768ರಲ್ಲಿ ಪಕ್ಕದ ಶಾಡ್‌ವೆಲ್‌ನಲ್ಲಿ ಜಾನ್ ಗ್ರೀನ್ ಎಂಬ ಪಬ್ ಮಾಲೀಕನ ಮನೆಗೆ ಕಲ್ಲಿದ್ದಲು ಕೂಲಿಗಳು ರಾತ್ರಿ ಮುತ್ತಿಗೆ ಹಾಕಿದರು. ಇವರಲ್ಲಿ ಬಹುಪಾಲು ಐರಿಷರು. ಒಳಗಿನಿಂದ ಗುಂಡು, ಹೊರಗಿನಿಂದ ಗುಂಡು. ಗ್ರೀನ್ ಬದುಕಿದ, ಕೊಲೆ ಆರೋಪದಿಂದಲೂ ಬಿಡುಗಡೆಯಾದ. ಕೂಲಿಗಳಲ್ಲಿ ಏಳು ಜನರನ್ನು ಆ ಜುಲೈನಲ್ಲಿ ಅಲ್ಲೇ ಹತ್ತಿರದ ಬಯಲಿನಲ್ಲಿ ಗಲ್ಲಿಗೇರಿಸಿದರು. ಪಬ್ಬುಗಳ ಕೈಯಿಂದ ಈ ಕೆಲಸವನ್ನು ಬಿಡಿಸಿ ಸರ್ಕಾರಿ ನೋಂದಣಿ ಕಚೇರಿಗೆ ಕೊಡುವ ಕಾಯಿದೆ ಬಂದದ್ದು 1843ರಲ್ಲಿ, ಮುಕ್ಕಾಲು ಶತಮಾನ ಕಳೆದ ಮೇಲೆ. ಅದೂ 1856ಕ್ಕೆ ಅವಧಿ ಮುಗಿದು ಬಿದ್ದುಹೋಯಿತು. ಹಾಗಾಗಿ ವಾಪಿಂಗಿನಲ್ಲಿ ಪಬ್ಬು ಮುಚ್ಚಿತು ಅಂದಾಗ ನನಗೆ ದುಃಖಕ್ಕಿಂತ ಮೊದಲು ಬರುವ ಪ್ರಶ್ನೆ, ಯಾವ ಪಬ್ಬು, ಯಾರ ಪಬ್ಬು ಎಂಬುದು.

ಪೊಲೀಸರ ಕಥೆಯೂ ಇದೇ ಕಲ್ಲಿದ್ದಲಿನದ್ದು. 1798ರಲ್ಲಿ ಪ್ಯಾಟ್ರಿಕ್ ಕೊಲ್ಕುಹೂನ್ ಮತ್ತು ಜಾನ್ ಹ್ಯಾರಿಯಟ್ ಸೇರಿ, ವೆಸ್ಟ್ ಇಂಡೀಸ್ ದ್ವೀಪಗಳ ಜೊತೆ ವ್ಯಾಪಾರ ಮಾಡುವ ವರ್ತಕರ ದುಡ್ಡಿನಲ್ಲಿ, ಈ ಬೀದಿಯಲ್ಲೇ ನದಿ ಪೊಲೀಸ್ ಕಚೇರಿ ತೆರೆದರು. ಸಕ್ಕರೆ, ರಮ್, ಕಾಫಿ ಕದಿಯುವವರನ್ನು ಹಿಡಿಯುವುದು ಉದ್ದೇಶ. ಕೆಲಸ ಮುಗಿಸಿ ಮನೆಗೆ ಹೋಗುವಾಗ ಒಂದಿಷ್ಟು ಕಲ್ಲಿದ್ದಲು ಒಯ್ಯುವುದು ಕೂಲಿಗಳ ಪಾಲಿಗೆ ತಲೆತಲಾಂತರದ ರೂಢಿ, ಹೊಸ ಕಚೇರಿಯ ಪಾಲಿಗೆ ಕಳ್ಳತನ. ಅಕ್ಟೋಬರ್ 16ರ ಸಂಜೆ ದಂಡ ಹಾಕಿಸಿಕೊಂಡವರ ಕಡೆಯವರು ಕಚೇರಿಗೆ ಕಲ್ಲು ತೂರಿದರು. ಗದ್ದಲದಲ್ಲಿ ಗುಂಡು ಹಾರಿ ಒಬ್ಬ ಕೂಲಿಯೂ, ಪೊಲೀಸರ ಕಡೆಯ ಗೇಬ್ರಿಯಲ್ ಫ್ರಾಂಕ್ಸ್ ಎಂಬಾತನೂ ಸತ್ತರು. ಬೀದಿಯ ಅಂಗಡಿಗಳೆಲ್ಲ ಹೋದವು, ಧಕ್ಕೆಗಳು ಹೋದವು. ನದಿ ಪೊಲೀಸರು ಮಾತ್ರ ಅಂದಿನಿಂದ ಇಂದಿನವರೆಗೆ ವಾಪಿಂಗ್ ಹೈಸ್ಟ್ರೀಟ್ ಬಿಟ್ಟು ಕದಲಿಲ್ಲ. ಈ ಬೀದಿಯಲ್ಲಿ ಹಳೆಯ ಕಸುಬನ್ನೇ ಮಾಡಿಕೊಂಡು ಕೂತಿರುವವರು ಬೇರೆ ಯಾರೂ ನನಗೆ ಕಂಡಿಲ್ಲ.

ಈಗ ಬೀದಿಯಲ್ಲಿ ಉಳಿದಿರುವ ಪಬ್ಬು ಎರಡು. ಒಂದು ಟೌನ್ ಆಫ್ ರ‍್ಯಾಮ್ಸ್‌ಗೇಟ್. ರೈಲು ಡಬ್ಬಿಯಂತೆ ಉದ್ದಕ್ಕೆ, ಕಿರಿದಾಗಿ ಇದೆ. ರ‍್ಯಾಮ್ಸ್‌ಗೇಟ್ ಊರಿನ ಮೀನುಗಾರರು ಪಕ್ಕದ ಮೆಟ್ಟಿಲಲ್ಲಿ ಮೀನು ಇಳಿಸುತ್ತಿದ್ದದ್ದರಿಂದ ಆ ಹೆಸರಂತೆ. 1688ರಲ್ಲಿ ರಾಜ ಎರಡನೇ ಜೇಮ್ಸ್ ಓಡಿಹೋದಾಗ ಅವನ ಕ್ರೂರ ನ್ಯಾಯಾಧೀಶ ಜೆಫ್ರೀಸ್ ನಾವಿಕನ ವೇಷದಲ್ಲಿ ತಪ್ಪಿಸಿಕೊಳ್ಳಲು ಬಂದು ವಾಪಿಂಗಿನಲ್ಲಿ ಸಿಕ್ಕಿಬಿದ್ದ. ಅದು ಈ ಪಬ್ಬಿನಲ್ಲೇ ಎಂದು ಇವರ ವಾದ.

ಇನ್ನೊಂದು ಕ್ಯಾಪ್ಟನ್ ಕಿಡ್. ಹಡಗಿನ ಒಳಭಾಗದಂತೆ ಮರದ ತೊಲೆಗಳನ್ನೆಲ್ಲ ಹಾಕಿದ್ದಾರೆ, ನೋಡಿದರೆ 300 ವರ್ಷ ಹಳತು ಅನ್ನಬೇಕು. ತೆರೆದದ್ದು 1980ರ ದಶಕದಲ್ಲಿ, ಖಾಲಿ ಬಿದ್ದಿದ್ದ ಗೋದಾಮಿನೊಳಗೆ. ಬೀದಿ ಪೂರ್ವಕ್ಕೆ ಮುಗಿದು ವಾಪಿಂಗ್ ವಾಲ್ ಶುರುವಾದ ಮೇಲೆ ಸಿಗುವ ಪ್ರಾಸ್ಪೆಕ್ಟ್ ಆಫ್ ವಿಟ್ಬಿ ನಿಜಕ್ಕೂ ಹಳೆಯ ಜಾಗ. ನೆಲಕ್ಕೆ ಕಲ್ಲು ಚಪ್ಪಡಿ, ಕೌಂಟರಿಗೆ ತವರದ ಹೊದಿಕೆ. ಆದರೆ ಅವರೂ ಪ್ರವಾಸಿಗರಿಗಾಗಿ ನದಿಯ ಕಡೆ ಒಂದು ಗಲ್ಲುಗಂಬ ನೆಟ್ಟು ಕುಣಿಕೆ ತೂಗುಬಿಟ್ಟಿದ್ದಾರೆ. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನನಗಂತೂ ಅದು ಅಸಹ್ಯ.

ಕುಣಿಕೆಯ ಹಿಂದಿನ ಕಥೆ ಎಕ್ಸಿಕ್ಯೂಷನ್ ಡಾಕ್‌ನದ್ದು. ಕಡಲ್ಗಳ್ಳರನ್ನು, ಹಡಗಿನಲ್ಲಿ ದಂಗೆಯೆದ್ದವರನ್ನು ಗಲ್ಲಿಗೇರಿಸುತ್ತಿದ್ದ ಜಾಗ. ಸಮುದ್ರದ ಅಪರಾಧಕ್ಕೆ ನೌಕಾ ನ್ಯಾಯಾಲಯದ ಅಧಿಕಾರ, ಅದಕ್ಕೇ ನೀರು ಇಳಿದಾಗ ಕಾಣುವ ದಂಡೆಯಲ್ಲೇ ಗಲ್ಲು. ಮುಂದೆ ಕುದುರೆಯ ಮೇಲೆ ಬೆಳ್ಳಿಯ ಹುಟ್ಟು ಹಿಡಿದ ಅಧಿಕಾರಿ, ಹಿಂದೆ ಗಾಡಿಯಲ್ಲಿ ಅಪರಾಧಿ, ಸುತ್ತ ಜಾತ್ರೆಯಷ್ಟು ಜನ. ದಾರಿಯಲ್ಲಿ ಟರ್ಕ್ಸ್ ಹೆಡ್ ಎಂಬ ಪಬ್ಬಿನಲ್ಲಿ ಕೊನೆಯ ಬಿಯರ್ ಕೊಡುತ್ತಿದ್ದರಂತೆ. ಸತ್ತ ಮೇಲೆ ದೇಹದ ಮೇಲೆ ಮೂರು ಉಬ್ಬರ ಹಾದುಹೋಗುವ ತನಕ ಬಿಡಬೇಕು ಎಂಬ ಕಟ್ಟಳೆ. ಕೊನೆಯ ಗಲ್ಲು ನಡೆದದ್ದು 1830ರ ಡಿಸೆಂಬರಿನಲ್ಲಿ. ಸರಿಯಾದ ಜಾಗ ಯಾವುದು ಎಂಬ ಬಗ್ಗೆ ಮೂರೂ ಪಬ್ಬುಗಳು ತಮ್ಮ ಹಿತ್ತಿಲೇ ಅನ್ನುತ್ತವೆ.

ವಿಲಿಯಂ ಕಿಡ್‌ನನ್ನು ಇಲ್ಲಿ ನೇಣಿಗೆ ಹಾಕಿದ್ದು 1701ರ ಮೇ 23ರಂದು. ಅವನ ಕಥೆಯನ್ನು ಇಲ್ಲಿಯವರು ಕೆರಿಬಿಯನ್, ನ್ಯೂಯಾರ್ಕ್, ಹೂತಿಟ್ಟ ನಿಧಿ ಅಂತ ಹೇಳುತ್ತಾರೆ. ನನಗೆ ಅದರಲ್ಲಿ ಕುತೂಹಲದ ಭಾಗ ಬೇರೆಯೇ. ಕಡಲ್ಗಳ್ಳರನ್ನು ಹಿಡಿಯುವ ರಹದಾರಿ ಪಡೆದು, ದೊಡ್ಡ ದೊಡ್ಡ ಲಾರ್ಡ್‌ಗಳ ಬಂಡವಾಳದಲ್ಲಿ 'ಅಡ್ವೆಂಚರ್ ಗ್ಯಾಲಿ' ಎಂಬ ಹಡಗು ಏರಿ ಹೊರಟ ಈ ಮನುಷ್ಯ 1697ರ ಸೆಪ್ಟೆಂಬರಿನಲ್ಲಿ ಬಂದು ನಿಂತದ್ದು ಕಾರವಾರದಲ್ಲಿ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು, ಮುಖ್ಯವಾಗಿ ಕಾಳುಮೆಣಸಿನ ವ್ಯಾಪಾರಕ್ಕೆ. ನೀರು, ಕಟ್ಟಿಗೆ ತುಂಬಿಸಿಕೊಳ್ಳಲು ಬಂದೆ ಅಂದ. ಆದರೆ ಅವನ ಹಡಗಿನ ಕೆಲವರು ಅಲ್ಲೇ ಇಳಿದು ಓಡಿದರು, ಕೋಠಿಯವರ ಮುಂದೆ ಎಲ್ಲ ಒದರಿದರು: ಇವನು ಕಳ್ಳರನ್ನು ಹಿಡಿಯಲು ಬಂದವನಲ್ಲ, ಸ್ವತಃ ದೋಚಲು ಹೊಂಚು ಹಾಕುತ್ತಿದ್ದಾನೆ. ಕೋಠಿಯವರು ಆ ಮಾತನ್ನು ಮುಂಬಯಿಗೆ ಬರೆದು ಕಳಿಸಿದರು.

ಮುಂದಿನ ತಿಂಗಳು ಹಡಗಿನಲ್ಲಿ ಜಗಳವಾಗಿ ಕಿಡ್ ತನ್ನ ತೋಪಿನವನಾದ ವಿಲಿಯಂ ಮೂರ್‌ನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್ಟಿನಿಂದ ಹೊಡೆದ, ಆತ ಮರುದಿನ ಸತ್ತ. 1698ರ ಜನವರಿ ಕೊನೆಗೆ ಕೊಚ್ಚಿ ಕಡೆಯ ಸಮುದ್ರದಲ್ಲಿ 'ಕ್ವೆಡಾ ಮರ್ಚೆಂಟ್' ಸಿಕ್ಕಿತು. ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಸೋರುಪ್ಪು ತುಂಬಿದ್ದ ಹಡಗು. ಅದರಲ್ಲಿ ಮೊಘಲ್ ದರ್ಬಾರಿನ ದೊಡ್ಡವರೊಬ್ಬರ ಸರಕೂ ಇತ್ತು. ಔರಂಗಜೇಬನ ಕೋಪಕ್ಕೆ ಕಂಪನಿ ನಡುಗಿತು, ಕಿಡ್ ಬದುಕುವುದು ಯಾರಿಗೂ ಬೇಡವಾಯಿತು. ಆ ಹಡಗಿನ ಬಳಿ ಫ್ರೆಂಚ್ ರಹದಾರಿ ಇತ್ತು, ಹಾಗಾಗಿ ಶತ್ರುವಿನದ್ದೆಂದು ಹಿಡಿದೆ ಎಂಬುದು ಅವನ ವಾದ. ವಿಚಾರಣೆಯ ಹೊತ್ತಿಗೆ ಆ ಕಾಗದಗಳೇ ಸಿಗಲಿಲ್ಲ. 200 ವರ್ಷ ಕಳೆದ ಮೇಲೆ ಲಂಡನ್ನಿನ ಸರ್ಕಾರಿ ದಫ್ತರಿನಲ್ಲೇ ಸಿಕ್ಕವು! ಗಲ್ಲಿನ ದಿನ ಹಗ್ಗ ತುಂಡಾಗಿ ಕೆಳಗೆ ಬಿದ್ದ, ಎಬ್ಬಿಸಿ ಮತ್ತೆ ಹಾಕಿದರು. ದೇಹವನ್ನು ನದಿಯ ಬಾಯಿಯ ಕಡೆ, ಟಿಲ್ಬರಿಯಲ್ಲಿ, ಬರುವ ಹೋಗುವ ಹಡಗುಗಳಿಗೆಲ್ಲ ಕಾಣುವಂತೆ ತೂಗುಹಾಕಿದರು. ಕ್ಯಾಪ್ಟನ್ ಕಿಡ್ ಪಬ್ಬಿನಲ್ಲಿ ಕೂತಾಗೆಲ್ಲ ನನಗೆ ಅನ್ನಿಸುವುದು, ಅವನ ಕೊರಳಿಗೆ ಬಿದ್ದ ಹಗ್ಗದ ಒಂದು ಎಳೆ ನಮ್ಮೂರಲ್ಲಿ ಹೊಸೆದದ್ದು.

ಅದೇ ಎಕ್ಸಿಕ್ಯೂಷನ್ ಡಾಕ್ ಹತ್ತಿರ ಬೆಲ್ ಎಂಬ ಪಬ್ಬಿತ್ತು. ಅದನ್ನು ನಡೆಸುತ್ತಿದ್ದ ಸ್ಯಾಮ್ಯುಯೆಲ್ ಬ್ಯಾಟ್ಸ್‌ನ ಮಗಳು ಎಲಿಜಬೆತ್. 1762ರಲ್ಲಿ ಅವಳನ್ನು ಮದುವೆಯಾದವನು ಜೇಮ್ಸ್ ಕುಕ್, ಮುಂದೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ನಕ್ಷೆ ಬರೆದವನು. ಅವಳು ಗಂಡನನ್ನೂ ಆರೂ ಮಕ್ಕಳನ್ನೂ ಕಳೆದುಕೊಂಡು 1835ರ ತನಕ ಬದುಕಿದಳು. ಬೆಲ್ ಪಬ್ಬು ಈಗ ಇಲ್ಲ. ಗಲ್ಲಿಗೆ ಬಿದ್ದವನ ಹೆಸರಿಗೆ ಬೋರ್ಡು, ಬೆಲ್ಲಿನಂಥವಕ್ಕೆ ಗೂಗಲ್ ಹುಡುಕಾಟ.

ಟರ್ಕ್ಸ್ ಹೆಡ್ ಅದೃಷ್ಟ ಸ್ವಲ್ಪ ಮೇಲು. ಆ ಹೆಸರಿನ ಪಬ್ಬು ಬೀದಿಯಿಂದ ಒಳಗೆ, ಗ್ರೀನ್ ಬ್ಯಾಂಕ್ ಎಂಬ ರಸ್ತೆಗೆ ಸರಿದಿತ್ತು. ಅಲ್ಲೂ ಮುಚ್ಚಿ, ಕಟ್ಟಡ ಕೆಡವುವ ಮಾತು ಬಂದಾಗ 1980ರ ದಶಕದಲ್ಲಿ ಅಲ್ಲಿಯ ನಿವಾಸಿಗಳೇ ಹೋರಾಡಿ ಉಳಿಸಿಕೊಂಡರು. ಈಗ ಅದು ಕೆಫೆ.

ಕಳೆದುಹೋದ ಅಂಗಡಿಗಳಲ್ಲಿ ನನಗೆ ಅತಿ ಇಷ್ಟದವು ಬೀದಿಯ ಮೇಲೆ ಇದ್ದವಲ್ಲ, ನದಿಯ ಕೆಳಗೆ ಇದ್ದವು. ಆಚೆ ದಡದ ರಾದರ್‌ಹೈತ್‌ನಿಂದ ವಾಪಿಂಗಿಗೆ ನದಿಯಡಿ ಸುರಂಗ ತೋಡಲು ಮಾರ್ಕ್ ಬ್ರೂನೆಲ್ 1825ರಲ್ಲಿ ಶುರುಮಾಡಿದ. ಹರಿಯುವ ನದಿಯ ಕೆಳಗೆ ಅಂಥ ಸುರಂಗ ಜಗತ್ತಿನಲ್ಲೇ ಮೊದಲು. ಹಲವು ಸಲ ನೀರು ನುಗ್ಗಿತು. 1828ರಲ್ಲಿ ಆರು ಜನ ಸತ್ತರು, ಮಗ ಇಸಂಬಾರ್ಡ್ ಹೇಗೋ ಬದುಕಿದ. ಎಲ್ಲ ಮುಗಿದು 1843ರ ಮಾರ್ಚ್ 25ಕ್ಕೆ ತೆರೆದಾಗ ಗಾಡಿಗಳು ಇಳಿಯುವ ಇಳಿಜಾರು ಕಟ್ಟಲು ದುಡ್ಡೇ ಉಳಿದಿರಲಿಲ್ಲ. ಹಾಗಾಗಿ ಸುತ್ತು ಮೆಟ್ಟಿಲು ಇಳಿದು, ಒಂದು ಪೆನ್ನಿ ಕೊಟ್ಟು, ನಡೆದು ಹೋಗುವ ಸುರಂಗವಾಯಿತು. ಮೊದಲ ದಿನವೇ ಸುಮಾರು 50,000 ಜನ, ಮೊದಲ ಮೂರು ತಿಂಗಳಲ್ಲಿ ಹತ್ತು ಲಕ್ಷದ ಹತ್ತಿರ. ಎರಡು ಸುರಂಗಗಳ ನಡುವಿನ ಕಮಾನುಗಳಲ್ಲಿ ಅಂಗಡಿ ಇಟ್ಟರು. ಗ್ಯಾಸ್ ದೀಪದ ಕೆಳಗೆ ಸುರಂಗದ ಚಿತ್ರವಿರುವ ತಟ್ಟೆ, ಲೋಟ, ಪದಕ, ಮಡಚಿದರೆ ಚಪ್ಪಟೆಯಾಗಿ ಬಿಡಿಸಿದರೆ ಸುರಂಗವೇ ಕಾಣುವ ಕಾಗದದ ಆಟಿಕೆ. ಮೇಲೆ ಹಡಗು ತೇಲುತ್ತಿರುವಾಗ ಕೆಳಗೆ ಕಾಫಿ ಕುಡಿಯುವುದು ಒಂದು ಶೋಕಿ. ಬರಬರುತ್ತ ಮೋಹ ಇಳಿಯಿತು, ಜೇಬುಗಳ್ಳರು ಸೇರಿಕೊಂಡರು. 1865ರಲ್ಲಿ ರೈಲು ಕಂಪನಿ ಕೊಂಡು, 1869ರಿಂದ ರೈಲು ಬಿಟ್ಟಿತು. ಈಗಲೂ ಓಡುತ್ತದೆ. ವಾಪಿಂಗ್ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಗೆ ಹೋಗಿ ನಿಂತರೆ ಕುದುರೆ ಲಾಳದ ಆಕಾರದ ಆ ಎರಡು ಬಾಯಿಗಳು ಎದುರಿಗೇ ಕಾಣುತ್ತವೆ. ಎಲ್ಲರೂ ಫೋನು ನೋಡುತ್ತ ನಿಂತಿರುತ್ತಾರೆ.

ಬೀದಿಯಿಂದ ಸ್ವಲ್ಪ ಉತ್ತರಕ್ಕೆ, ರ‍್ಯಾಟ್‌ಕ್ಲಿಫ್ ಹೆದ್ದಾರಿಯಲ್ಲಿ, ಜ್ಯಾಮ್ರಾಕ್ ಎಂಬಾತನ ಪ್ರಾಣಿ ಅಂಗಡಿಯಿತ್ತು. ನಾವಿಕರು ತಂದ ಗಿಳಿಯಿಂದ ಹಿಡಿದು ಆನೆಯ ತನಕ ವ್ಯಾಪಾರ. 1857ರಲ್ಲಿ ಅವನ ಬಂಗಾಳದ ಹುಲಿ ಪೆಟ್ಟಿಗೆ ಒಡೆದು ಬೀದಿಗೆ ಬಂದು ಒಬ್ಬ ಹುಡುಗನನ್ನು ಕಚ್ಚಿ ಹಿಡಿಯಿತು. ಜ್ಯಾಮ್ರಾಕ್ ಓಡಿಬಂದು ಬಿಡಿಸಿದ, ಹುಡುಗ ಬದುಕಿದ. ಆಮೇಲೆ ಕೋರ್ಟಿನಲ್ಲಿ 300 ಪೌಂಡ್ ದಂಡ ತೆತ್ತ, ಹುಲಿಯನ್ನು 300 ಪೌಂಡಿಗೇ ಮಾರಿದ. ಇದಕ್ಕೂ ಧಕ್ಕೆಗಳಿಗೂ ಏನು ಸಂಬಂಧ ಅಂದರೆ, ಹಡಗು ಬರದಿದ್ದರೆ ಹುಲಿಯೂ ಇಲ್ಲ, ಅಂಗಡಿಯೂ ಇಲ್ಲ.

ಹಡಗಿನ ಜೊತೆ ನಮ್ಮ ಕಡೆಯ ಮನುಷ್ಯರೂ ಬಂದರು. ಕೊಂಕಣ, ಗೋವಾ, ಸಿಲ್ಹೆಟ್ ಕಡೆಯ ಖಲಾಸಿಗಳನ್ನು ಹಡಗಿಗೆ ಸೇರಿಸಿಕೊಂಡು ಇಲ್ಲಿಗೆ ತಂದು, ಮರಳಿ ಹೋಗುವ ಹಡಗು ಸಿಗುವ ತನಕ ಚಳಿಯಲ್ಲಿ ಬಿಟ್ಟುಬಿಡುತ್ತಿದ್ದರು. ಎಷ್ಟೋ ಜನ ಸತ್ತ ಮೇಲೆ, 1857ರಲ್ಲಿ ಲೈಮ್‌ಹೌಸ್‌ನಲ್ಲಿ ಅವರಿಗೊಂದು ಆಶ್ರಯಮನೆ ತೆರೆಯಿತು. ಈ ಬೀದಿಯಲ್ಲಿ ಅವರ ಹೆಸರಿನ ವಾರ್ಫ್ ಯಾವುದೂ ಇಲ್ಲ.

ಇನ್ನು ಧಕ್ಕೆಗಳ ವಿಷಯ. 1805ರಲ್ಲಿ ವಾಪಿಂಗಿನ ಮನೆಗಳನ್ನು ಸಾಲುಸಾಲಾಗಿ ಕೆಡವಿ, ಎತ್ತರದ ಗೋಡೆ ಕಟ್ಟಿ, ಒಳಗೆ ಲಂಡನ್ ಡಾಕ್ಸ್ ತೆರೆದರು. ತಂಬಾಕು, ಅಕ್ಕಿ, ವೈನ್, ಬ್ರಾಂಡಿಯ ಏಕಸ್ವಾಮ್ಯ 21 ವರ್ಷಕ್ಕೆ. ಹಡಗೆಲ್ಲ ಒಳಗೆ ಹೋದರೆ ನದಿದಂಡೆಯ ಧಕ್ಕೆಗಳು ಸಾಯಬೇಕಿತ್ತು, ಸಾಯಲಿಲ್ಲ. ಕಾನೂನಿನಲ್ಲಿ ಒಂದು ಸಂದಿಯಿತ್ತು. ಚಪ್ಪಟೆ ದೋಣಿಗಳು ಡಾಕಿನೊಳಗೆ ಶುಲ್ಕವಿಲ್ಲದೆ ಹೋಗಬಹುದು, ಹಡಗಿನಿಂದ ಸರಕು ಇಳಿಸಿಕೊಂಡು ಹೊರಗೆ ಬರಬಹುದು. ಡಾಕಿನ ಗೋದಾಮಿಗಿಂತ ಅಗ್ಗಕ್ಕೆ ದಂಡೆಯ ಗೋದಾಮು ಸಿಗುವಾಗ ವರ್ತಕರು ಯಾಕೆ ಬಿಡುತ್ತಾರೆ? ಈಗ ಕಾಣುವ ಇಟ್ಟಿಗೆ ಕಟ್ಟಡಗಳು ಬಹುಪಾಲು ಆ ಲಾಭದಲ್ಲಿ ಎದ್ದವು. ಚಹಾಕ್ಕೆ ಹೆಸರಾಗಿದ್ದ ಆಲಿವರ್ಸ್ ವಾರ್ಫ್ 1870ರದ್ದು.

ಕಾರವಾರ ಬಂದರಿನಲ್ಲಿ ಹಡಗಿನ ಸರಕಿನ ಲೆಕ್ಕ ಬರೆದು ನಿವೃತ್ತರಾದ ನಮ್ಮ ಕಾಕಾ ಒಮ್ಮೆ ಬಂದಿದ್ದರು. ಅರಮನೆ, ಗಡಿಯಾರ ಗೋಪುರ ಎಲ್ಲ ತೋರಿಸಿದೆ, ಹೂಂ ಅಂದರು. ಈ ಬೀದಿಗೆ ಕರೆದುಕೊಂಡು ಬಂದಾಗ ನಿಂತೇಬಿಟ್ಟರು. ಕುತ್ತಿಗೆ ಹಿಂದಕ್ಕೆ ಹಾಕಿ ಕಿಂಗ್ ಹೆನ್ರೀಸ್ ವಾರ್ಫಿನ ಗೋಡೆಗೆ ಅಂಟಿಕೊಂಡ ಹಳೇ ಕಬ್ಬಿಣದ ಕ್ರೇನ್ ನೋಡಿದರು.

"ತಮ್ಮಾ, ಮೇಲಿನ ಅಂತಸ್ತಿನ ಬಾಗ್ಲು ಗಾಳಿಗೆ ತೆರೀತದೆ ನೋಡು. ನದೀ ಬದಿಯಿಂದ ಎತ್ತಿ ಒಳಗೆ ತಕಂಬೂದು, ಬೀದೀ ಬದಿಯಿಂದ ಗಾಡಿಗೆ ಇಳಿಸೂದು. ಅದ್ಕೇ ಎರಡೂ ಕಡೆ ಬಾಗ್ಲು ಇಟ್ಟಿದ್ದು."

"ಹೌದು ಕಾಕಾ, ಈಗ ಅದಕ್ಕೇ ಗಾಜು ಹಾಕಿ ಬಾಲ್ಕನಿ ಮಾಡಿದ್ದಾರೆ."

"ಮಾಡ್ಲಿ ಬಿಡು. ಹಮಾಲ್ರೆಲ್ಲ ಎಲ್ಲಿ ಹೋದ್ರು?"

ಎಷ್ಟೋ ಬಾರಿ ಹಾದುಹೋದ ಬಾಗಿಲುಗಳು. ಅಷ್ಟು ಮೇಲೆ ಬಾಗಿಲು ಯಾಕೆ ಅಂತ ನನಗೆ ಹೊಳೆದೇ ಇರಲಿಲ್ಲ. ಹಮಾಲರ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಇಲ್ಲಿಯ ಡಾಕ್ ಕೂಲಿಗಳು ತಲೆಮಾರುಗಳ ಕಾಲ ಬೆಳಿಗ್ಗೆ ಗೇಟಿನ ಮುಂದೆ ಗುಂಪಾಗಿ ನಿಂತು, ಮೇಸ್ತ್ರಿ ಬೆರಳು ತೋರಿಸಿದರೆ ಅರ್ಧ ದಿನದ ಕೆಲಸ, ಇಲ್ಲದಿದ್ದರೆ ಇಲ್ಲ. 1889ರಲ್ಲಿ ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಇಡೀ ಲಂಡನ್ ಬಂದರನ್ನು ನಿಲ್ಲಿಸಿ ಗೆದ್ದರು. ಕಾಯಂ ಕೆಲಸ ಅನ್ನುವುದು ಸಿಕ್ಕಿದ್ದು 1967ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಈಸ್ಟ್ ಇಂಡಿಯಾ ಡಾಕ್ ಮುಚ್ಚಿತು. 1968ರಲ್ಲಿ ಸೇಂಟ್ ಕ್ಯಾಥರೀನ್, 1969ರಲ್ಲಿ ಲಂಡನ್ ಡಾಕ್ಸ್, 1970ರಲ್ಲಿ ಸರ‍್ರೇ. ಯುದ್ಧದ ಬಾಂಬು ಎಷ್ಟೋ ಗೋದಾಮು ಸುಟ್ಟಿತ್ತು ನಿಜ, ಆದರೆ ಕೊಂದದ್ದು ಅದಲ್ಲ. 1964ರಲ್ಲಿ ಲಂಡನ್ ಬಂದರು ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಸರಕು ಸಾಗಿಸಿತ್ತು. ಕಂಟೇನರ್ ಬಂತು. ದೊಡ್ಡ ಹಡಗು ಇಷ್ಟು ಒಳಗೆ ಬರಲಾರದು, ಟಿಲ್ಬರಿಯಲ್ಲೇ ನಿಂತಿತು. ಮೂಟೆ ಹೊರುವವನೂ ಬೇಡ, ಮೂಟೆ ಎಣಿಸುವ ನಮ್ಮ ಕಾಕಾನಂಥವನೂ ಬೇಡ.

ಖಾಲಿ ಗೋದಾಮುಗಳಿಗೆ ಮೊದಲು ಬಂದವರು ಕಲಾವಿದರು, ಅಗ್ಗದ ಬಾಡಿಗೆಗೆ. 1972ರಲ್ಲಿ ಆಲಿವರ್ಸ್ ವಾರ್ಫ್ ಫ್ಲ್ಯಾಟುಗಳಾಯಿತು, ವಾಪಿಂಗಿನಲ್ಲಿ ಅದೇ ಮೊದಲು. 1981ರಲ್ಲಿ ಸರ್ಕಾರ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮ ಮಾಡಿದ ಮೇಲೆ ಉಳಿದವೂ ಅದೇ ದಾರಿ. ಮುಚ್ಚಿದ ಲಂಡನ್ ಡಾಕ್ಸ್ ಜಾಗದಲ್ಲಿ ಎದ್ದ ಪತ್ರಿಕಾ ಮುದ್ರಣಾಲಯದ ಮುಂದೆ 1986ರಲ್ಲಿ, ಕೆಲಸ ಕಳೆದುಕೊಂಡ 5000ಕ್ಕೂ ಹೆಚ್ಚು ಮುದ್ರಣ ಕಾರ್ಮಿಕರು ಒಂದು ವರ್ಷ ಪ್ರತಿಭಟಿಸಿ ಸೋತರು. ಆ ಮುದ್ರಣಾಲಯವೂ ಈಗ ಇಲ್ಲ, ಅಲ್ಲೂ ಫ್ಲ್ಯಾಟು. ಕೂಲಿಗಳ ಮೊಮ್ಮಕ್ಕಳಲ್ಲಿ ಕೆಲವರು ಬೀದಿಯ ಉತ್ತರಕ್ಕಿರುವ ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿದ ಬಾಡಿಗೆ ಮನೆಗಳಲ್ಲಿ, ಇನ್ನೂ ಇದ್ದಾರೆ. ಅಲ್ಲಿಂದ ನದಿ ಕಾಣುವುದಿಲ್ಲ.

ನದಿಗೆ ಇಳಿಯಬೇಕೆಂದರೆ ಮೆಟ್ಟಿಲುಗಳಿವೆ. ವಾಪಿಂಗ್ ಓಲ್ಡ್ ಸ್ಟೇರ್ಸ್, ನ್ಯೂ ಸ್ಟೇರ್ಸ್, ಪೆಲಿಕನ್ ಸ್ಟೇರ್ಸ್, ಕಟ್ಟಡಗಳ ಸಂದಿಯಲ್ಲಿ ತೂರಿ ಹೋಗಬೇಕು. ಸೇತುವೆ ಬರುವ ಮೊದಲು ಕಾಳಿ ನದಿಯಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿ ಇದ್ದ ಹಾಗೆ, ಇಲ್ಲಿ ಅಂಬಿಗರು ಗಿರಾಕಿಗಾಗಿ ಕೂಗುತ್ತ ಕಾಯುತ್ತಿದ್ದರು. ನೀರು ಇಳಿದ ಹೊತ್ತು ನೋಡಿಕೊಂಡು ಹೋಗಿ. ಉಬ್ಬರಕ್ಕೂ ಇಳಿತಕ್ಕೂ ಆರೇಳು ಮೀಟರ್ ವ್ಯತ್ಯಾಸ, ಕೆಳಗಿನ ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ಕೆಳಗೆ ಕೆಸರಲ್ಲಿ ಮುರಿದ ಮಣ್ಣಿನ ಚಿಲುಮೆಯ ಬಿಳಿ ಕೊಳವೆಗಳು ಬೇಕಾದಷ್ಟು. ಪಬ್ಬಿನಲ್ಲಿ ತಂಬಾಕು ಸೇದಿ ಎಸೆದವು. ಸಿಂಪಿ ಚಿಪ್ಪು, ಎಲುಬು, ತುಕ್ಕು ಹಿಡಿದ ಹಡಗಿನ ಮೊಳೆ, ಹೆಂಚಿನ ಚೂರು. ಬಂದರು ಪ್ರಾಧಿಕಾರದ ಪರವಾನಗಿ ಇಲ್ಲದೆ ಒಂದನ್ನೂ ಹುಡುಕುವಂತಿಲ್ಲ, ಕೆದಕುವಂತಿಲ್ಲ, ಕಣ್ಣಿಗೆ ಬಿದ್ದದ್ದನ್ನು ನೋಡಿ ಮುಂದೆ ಹೋಗಬಹುದು ಅಷ್ಟೇ.

ಇಷ್ಟೊಂದು ವಾರ್ಫ್‌ಗಳಿದ್ದರೂ ಇಲ್ಲಿ ದೋಣಿ ಹತ್ತಲು ಆಗುವುದಿಲ್ಲ. ಟವರ್‌ನಿಂದ ಕ್ಯಾನರಿ ವಾರ್ಫಿಗೆ ಹೋಗುವ ಪ್ರಯಾಣಿಕರ ದೋಣಿ ಈ ಬೀದಿಯನ್ನು ಹಾದೇ ಹೋಗುತ್ತದೆ, ನಿಲ್ಲುವುದಿಲ್ಲ. ಧಕ್ಕೆಯಲ್ಲಿ ಮನೆ ಕೊಂಡವರು ನದಿ ದಾಟಲು ಬ್ರೂನೆಲ್‌ನ ಸುರಂಗದ ರೈಲನ್ನೇ ಹಿಡಿಯಬೇಕು. ಸರಕು ದೋಣಿಗಳು ಮಾತ್ರ ಇನ್ನೂ ಇವೆ: ಹಳದಿ ಕಂಟೇನರ್ ಹೊತ್ತ ಬಾರ್ಜ್‌ಗಳನ್ನು ಎಳೆಯುವ ಟಗ್ಗುಗಳು, ಉಬ್ಬರ ಇಳಿತದ ಲೆಕ್ಕದಲ್ಲಿ ಆಲಿವರ್ಸ್ ವಾರ್ಫಿನ ಕಿಟಕಿಗಳ ಮುಂದೆಯೇ ಸಾಗುತ್ತವೆ. ಒಳಗಿರುವುದು ಚಹಾ ಅಲ್ಲ, ಮೆಣಸಲ್ಲ. ಮಧ್ಯ ಲಂಡನ್ನಿನ ಮನೆಗಳ ಕಸ, ಬೆಲ್ವೆಡೀರ್‌ನಲ್ಲಿ ಸುಟ್ಟು ಕರೆಂಟು ಮಾಡಲು ಒಯ್ಯುತ್ತಾರೆ.